ಗಾಜಿನ ಬೀರುವಿನಲ್ಲೊಂದು ಪಿನ್ನು

ಮೇ ತಿಂಗಳ ಬಿಸಿಲಿನಲ್ಲಿ ಕೋಟು ತೊಟ್ಟು ಸೊಪ್ಪು ತರಲು ಹೋಗುವ ಗಂಡಸು ಶಿಡ್ಲಘಟ್ಟದಲ್ಲಿ ಒಬ್ಬರೇ ಇದ್ದರು, ಅವರನ್ನು ನಾನು ಮದುವೆಯಾಗಿದ್ದೆ. ನಮ್ಮ ಯಜಮಾನರು ಮಾಜಿ ಸೈನಿಕರು. ಸೇವೆಯ ಗುರುತಿಗೆಂದು ಕೊಟ್ಟ, ಹುಣಸೆಬೀಜದಷ್ಟಿರುವ ಪಿನ್ನನ್ನು ಅಂಗಿಗೆ ಚುಚ್ಚುವುದು ಅಶಿಸ್ತು, ಕೋಟಿಗೇ ಚುಚ್ಚಬೇಕೆಂಬುದು ಅವರ ಮತ. ಪಿನ್ನಿಗಾಗಿ ಕೋಟು, ಕೋಟಿಗಾಗಿ ಇಸ್ತ್ರಿ, ಇಸ್ತ್ರಿಗಾಗಿ ನಾನು. ದೇಶಸೇವೆ ನಮ್ಮ ಮನೆಯಲ್ಲಿ ಹೀಗೆ ಮುಂದುವರಿದಿತ್ತು.

ಕಳೆದ ವರ್ಷ ಊರಿನ ಶಾಲೆಯೊಂದರಲ್ಲಿ ಪುಟ್ಟ ವಸ್ತುಸಂಗ್ರಹಾಲಯ ತೆರೆದರು. ಹಾರ ಹಾಕಿ ಶಾಲು ಹೊದಿಸಿದರೆ ನಮ್ಮವರು ಉಟ್ಟ ಪಂಚೆಯನ್ನೂ ಬಿಚ್ಚಿಕೊಡುವ ಪೈಕಿ. ಪಿನ್ನು ಯಾವ ಲೆಕ್ಕ? ಕೊಟ್ಟೇಬಿಟ್ಟರು. ಶಾಲೆಯವರು ಅದನ್ನು ರೇಷ್ಮೆ ಬಟ್ಟೆಗೆ ಚುಚ್ಚಿ, ಗಾಜಿನ ಬೀರುವಿನಲ್ಲಿ ನಿಲ್ಲಿಸಿ, ಬೀಗ ಹಾಕಿದರು. ಬದುಕಿರುವವರ ಸಾಮಾನನ್ನು ಮಾತ್ರ ಅಂಥ ಕಡೆ ಕೊಡಬೇಡಿ ಮಾರಾಯರೇ. ಸಾಮಾನಿಗೆ ಮರ್ಯಾದೆ ಏರುತ್ತದೆ, ಮನುಷ್ಯ ಬರಿಗೈಯಲ್ಲಿ ಮನೆಗೆ ಬರುತ್ತಾನೆ.

ಮೊನ್ನೆ ಚಿಂತಾಮಣಿಯಲ್ಲಿ ಹಳೆಯ ಸಂಗಡಿಗರ ಕೂಟವಿತ್ತು. ಎಲ್ಲರೂ ಪಿನ್ನು ಧರಿಸಿ ಬರುವವರೇ. ಬರಿ ಕೋಟಿನಲ್ಲಿ ಹೋದರೆ ತನ್ನನ್ನು ಮದುವೆಮನೆ ಬ್ಯಾಂಡಿನವನೆಂದುಕೊಂಡಾರೆಂದು ಇವರಿಗೆ ಸಂಕಟ. ಜೊತೆಗೆ ಹೊರಟಿದ್ದ ನನ್ನನ್ನೂ ಕರೆದುಕೊಂಡು ದಾರಿಯಲ್ಲೇ ಶಾಲೆಗೆ ಹೋಗಿ, ಬೀಗದ ಕೈ ಇಟ್ಟುಕೊಂಡಿದ್ದ ಟೀಚರನ್ನು ಗೋಗರೆದರು.

"ಇವತ್ತೊಂದಿನ ಕೊಡಮ್ಮ, ಸಾಯಂಕಾಲ ತಂದ್ಕೊಡ್ತೀನಿ."

"ಆಗಲ್ಲ ತಾತ. ಒಳಗಿಟ್ಟಿದ್ದು ಹೊರಗೆ ಕೊಡಂಗಿಲ್ಲ, ರೂಲ್ಸು. ಎಲ್ಲದಕ್ಕೂ ಶಿಸ್ತಿರ್ಬೇಕು ಅಂತ ಅವತ್ತು ನೀವೇ ಭಾಷಣ ಮಾಡಿದ್ರಲ್ಲ?"

ಜೀವಮಾನವೆಲ್ಲ ನನಗೆ ಶಿಸ್ತು ಬೋಧಿಸಿದವರಿಗೆ ಅದೇ ಶಿಸ್ತು ತಿರುಗಿ ಬಂತು. ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಯಿತು. ಆದರೆ ಅವರ ಮುಖ ನೋಡಿದ ಮೇಲೆ ಆ ಖುಷಿ ನಿಲ್ಲಲಿಲ್ಲ.

ಅವರು ಬೀರುವಿನ ಮುಂದೆ ಹೋಗಿ ನಿಂತರು. ಗಾಜಿನಲ್ಲಿ ಅವರ ಕೋಟಿನ ಪ್ರತಿಬಿಂಬ ಮೂಡಿತು. ಕೊಂಚ ಬಲಕ್ಕೆ ಸರಿದರು, ನೋಯುವ ಮಂಡಿಗಳನ್ನು ಮೆಲ್ಲಗೆ ಬಗ್ಗಿಸಿದರು, ಇನ್ನಷ್ಟು ಬಗ್ಗಿಸಿದರು. ಒಳಗಿದ್ದ ಪಿನ್ನು ಗಾಜಿನಲ್ಲಿ ಕಾಣುವ ಕೋಟಿನ ಎದೆಯ ಮೇಲೆ ಸರಿಯಾಗಿ ಕೂತಿತು. ಇವರು ಗದ್ದ ಎತ್ತಿ, ಉಸಿರು ಬಿಗಿಹಿಡಿದರು.

"ಬನ್ನಿ ಅಂದ್ರೆ, ಚಿಂತಾಮಣಿ ಬಸ್ಸು ಹೊರಟೋಗುತ್ತೆ," ಎಂದೆ.

"ಇರೇ ಸ್ವಲ್ಪ," ಎಂದರು ತುಟಿ ಅಲುಗಿಸದೆ. "ಅಲ್ಲಾಡಿದ್ರೆ ಬಿದ್ದೋಗುತ್ತೆ."

ಅವರು ಇನ್ನೂ ಮಂಡಿ ಬಗ್ಗಿಸಿಯೇ ನಿಂತಿದ್ದರು. ಬಸ್ಸು ಹೋದರೆ ಹೋಗಲಿ ಎಂದು, ಗಾಜಿನಲ್ಲಿ ನಾನು ಅಡ್ಡ ಬಾರದಂತೆ ಪಕ್ಕಕ್ಕೆ ನಿಂತು ಅವರ ಮೊಣಕೈ ಹಿಡಿದುಕೊಂಡೆ.