ಅಕ್ಕನಿಗೆ ಕೇಳದ ತಾಳಮದ್ದಳೆ

ನಗೋಯಾಕ್ಕೆ ಬಂದ ಮೂರನೆಯ ದಿನ ರೈಲು ಹತ್ತಿದಾಗ, ಯಾರೋ ತೀರಿಕೊಂಡಿದ್ದಾರೆ ಎಂದೇ ನಾನು ತಿಳಿದದ್ದು. ಬೋಗಿಯ ತುಂಬ ಜನ. ಕಾಲಿಡಲು ಜಾಗವಿಲ್ಲ. ಆದರೆ ಒಬ್ಬರೂ ಬಾಯಿ ತೆರೆದಿರಲಿಲ್ಲ. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಗಂಗೊಳ್ಳಿಯಿಂದ ನನ್ನ ಅಕ್ಕ, ಜಲಜಕ್ಕ.

“ಹ್ವಾಯ್ ಅಕ್ಕಾ, ನಾ ರೈಲಂಗೆ ಇದ್ದೆ! ಉಂಡ್ಯಾ?” ಎಂದು ಬಂದರಿನಲ್ಲಿ ಕೂಗುವ ಹಾಗೆ ಕೂಗಿದೆ.

ಪಕ್ಕದಲ್ಲಿದ್ದ ಬೀರೇಂದ್ರ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು ಕಟ್ ಮಾಡಿದ. ಅವನು ನೇಪಾಳದವನು. ಮುಂಬೈಯ ಹೋಟೆಲಿನಲ್ಲಿ ನನ್ನ ಜೊತೆ ಒಲೆಯ ಮುಂದೆ ನಿಂತವನು, ನನ್ನನ್ನು ಜಪಾನಿನ ಈ ಊರಿಗೆ ಅಡುಗೆ ಕೆಲಸಕ್ಕೆ ಕರೆಸಿಕೊಂಡವನೂ ಅವನೇ. “ಶಿಜುಕಾ” ಎಂದು ಕಿವಿಯ ಹತ್ತಿರ ಹೇಳಿದ. ಸದ್ದಿಲ್ಲದೆ ಇರುವುದಕ್ಕೆ ಇಲ್ಲಿನವರ ಮಾತು. ಈ ಭಾಷೆಯಲ್ಲಿ ನಾನು ಕಲಿತ ಮೊದಲ ಶಬ್ದ ಅದು.

ನಾನು ಓದಿದ್ದು ಆರನೇ ಕ್ಲಾಸಿನವರೆಗೆ. ಬರೆದು ಅಭ್ಯಾಸವಿಲ್ಲ. ಆದರೂ ಒಂದು ತಪ್ಪನ್ನು ಊರಿನವರ ಮುಂದೆ ಹೇಳಬೇಕಾಗಿದೆ. ನಾನು ಇಲ್ಲಿ ದನಿ ತಗ್ಗಿಸುವುದನ್ನು ಕಲಿಯುತ್ತಿದ್ದ ಎರಡು ವರ್ಷಗಳಲ್ಲಿ, ಅಲ್ಲಿ ನನ್ನ ಅಕ್ಕನ ಕಿವಿ ಹೋಗುತ್ತಿತ್ತು. ಮೊದಮೊದಲು ಅವಳು ಅದನ್ನು ನನಗೆ ಹೇಳುತ್ತಲೂ ಇದ್ದಳು. ನಾನು ಯಂತ್ರ ರಿಪೇರಿ ಮಾಡುತ್ತ ಕೂತಿದ್ದೆ.

ಗಂಗೊಳ್ಳಿಯಲ್ಲಿ ಯಾರಾದರೂ ಮೆಲ್ಲಗೆ ಮಾತಾಡಿದರೆ ಜ್ವರ ಬಂದಿದೆಯಾ ಎಂದು ಕೇಳುತ್ತಾರೆ. ಬೋಟಿನ ಎಂಜಿನ್, ಐಸ್ ಪುಡಿ ಮಾಡುವ ಮೆಷಿನ್, ಹರಾಜಿನ ಕೂಗು, ಕಾಗೆ. ಇವುಗಳ ಮೇಲೆ ಏರಿ ಮಾತಾಡಿದರೆ ಮಾತ್ರ ಅದು ಮಾತು. ಕಿವಿ ಇದ್ದವರೂ ಅಲ್ಲಿ ಕೂಗುತ್ತಾರೆ, ಇಲ್ಲದವರೂ ಕೂಗುತ್ತಾರೆ. ಇಲ್ಲಿ ನನ್ನ ಕೋಣೆಯ ಗೋಡೆ ತೆಳು. ಆಚೆ ಬದಿಯಲ್ಲಿ ಒಬ್ಬರು ಮುದುಕರಿದ್ದಾರೆ. ನಾನು ಪಾತ್ರೆ ಸ್ವಲ್ಪ ಜೋರಾಗಿ ಇಟ್ಟರೂ ಅವರು ಎರಡು ಸಲ ಗೋಡೆ ತಟ್ಟುತ್ತಾರೆ, ಅಷ್ಟೇ, ಬೈಯುವುದಿಲ್ಲ. ನಾನು ಗೋಡೆಗೆ “ಸುಮಿಮಾಸೆನ್” ಎನ್ನುತ್ತೇನೆ, ತಪ್ಪಾಯಿತು ಎಂದು. ಚಮಚವನ್ನು ಬಟ್ಟೆಯ ಮೇಲೆ ಇಡುವುದು, ಬಾಗಿಲನ್ನು ಕೈಯಲ್ಲಿ ಹಿಡಿದು ಮುಚ್ಚುವುದು, ಸೀನನ್ನು ತೋಳಿನಲ್ಲಿ ಮುಗಿಸುವುದು, ಒಂದೊಂದಾಗಿ ಎಲ್ಲ ಬಂತು. ವರ್ಷ ಕಳೆಯುವಾಗ ಬೀರೇಂದ್ರ, “ಈಗ ನೀನು ಈ ಊರಿನವನಾದೆ” ಎಂದ. ನನಗೆ ಹೆಮ್ಮೆಯಾಯಿತು.

ಮೀನು ಮಾತ್ರ ಒಗ್ಗಲಿಲ್ಲ. ಅಂಗಡಿಯಲ್ಲಿ ಬಂಗುಡೆಯಂಥದ್ದೇ ಮೀನು ಪ್ಲಾಸ್ಟಿಕ್ ಹೊದ್ದು ಮಲಗಿರುತ್ತದೆ. ವಾಸನೆಯಿಲ್ಲ, ಚೌಕಾಸಿಯಿಲ್ಲ, ಜಗಳವಿಲ್ಲ. ಅದನ್ನು ನೋಡಿದಾಗಲೆಲ್ಲ ಅಕ್ಕನ ನೆನಪು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಮೀನಿನ ಬುಟ್ಟಿ ಹೊತ್ತು ನನ್ನನ್ನು ಸಾಕಿದವಳು. ಭಾವ ಬೋಟಿಗೆ ಹೋದರೆ ಹತ್ತು ದಿನ ಬರುವುದಿಲ್ಲ. ಮಧ್ಯಾಹ್ನ ಮಾರಾಟ ಮುಗಿಸಿ ಬಂದ ಮೇಲೆ ಅವಳಿಗೆ ಇದ್ದ ಒಂದೇ ಆಸೆ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಲ್ಲಿ ಕಥೆ ನಡೆಯಬೇಕು. ಕರ್ಣ ಹೀಗೆ ಕೇಳಿದ, ಕೃಷ್ಣ ಹೀಗೆ ಜಾರಿದ ಎಂದು ಮರುದಿನ ಬಂದರಿನಲ್ಲಿ ಅವಳು ಎರಡೂ ಕಡೆಯಿಂದ ವಾದ ಮಾಡುತ್ತಿದ್ದಳು.

ಕೋಣೆಯ ಬಾಡಿಗೆಯ ಜೊತೆಗೇ ಇಲ್ಲಿ ಜೋರಿನ ನೆಟ್ ಸಿಗುತ್ತದೆ. ಬೀರೇಂದ್ರ ಒಂದು ಹಳೆಯ ಲ್ಯಾಪ್‌ಟಾಪ್ ಕೊಟ್ಟು, ಅದನ್ನು ಸರ್ವರ್ ಮಾಡುವುದನ್ನು ಕಲಿಸಿದ. ಅಂದರೆ, ಹಾರ್ಡ್ ಡಿಸ್ಕಿನಲ್ಲಿ ನಾನು ತುಂಬಿಟ್ಟದ್ದನ್ನು ಅಕ್ಕ ಗಂಗೊಳ್ಳಿಯ ತನ್ನ ಟಿವಿಯಲ್ಲಿ ತೆರೆದು ನೋಡಬಹುದು. ಸಿನಿಮಾ ಹಾಕಿದೆ. ಬೈಂದೂರು, ಕೋಟದ ಕಡೆ ನಾನೇ ಫೋನಿನಲ್ಲಿ ಹಿಡಿದಿದ್ದ ತಾಳಮದ್ದಳೆಗಳನ್ನೆಲ್ಲ ಹಾಕಿದೆ. ಆರನೇ ಕ್ಲಾಸಿನವನು ಜಪಾನಿನಿಂದ ಅಕ್ಕನ ಮನೆಗೆ ತಾಳಮದ್ದಳೆ ಕಳಿಸುತ್ತಿದ್ದೇನೆ ಎಂದು ಒಳಗೊಳಗೇ ಉಬ್ಬಿದೆ.

ಮೊದಲ ದಿನವೇ ಅವಳು ಹೇಳಿದ್ದು: “ಸೌಂಡ್ ಸಣ್ಣ ಇತ್ತ್ ಮಗಾ.”

ಸಿನಿಮಾದ ದೋಷ ಸಿಕ್ಕಿತು. ಅದರ ಧ್ವನಿ ಆರು ಭಾಗವಾಗಿರುತ್ತದೆ. ಮಾತೆಲ್ಲ ನಡುವಿನ ಭಾಗದಲ್ಲಿ. ಎರಡೇ ಸ್ಪೀಕರಿನ ಟಿವಿಯಲ್ಲಿ ಆರನ್ನು ಎರಡಕ್ಕೆ ಮಡಚುವಾಗ ಮಾತು ಅಡಿಗೆ ಬೀಳುತ್ತದೆ. ಸರ್ವರಿನ ಸೆಟ್ಟಿಂಗಿನಲ್ಲಿ ಎರಡೇ ಭಾಗ ಮಾಡಿ ಕಳಿಸು, ಮಡಚುವಾಗ ದನಿ ಏರಿಸು ಎಂದು ಕೊಟ್ಟೆ. ಆದರೆ ತಾಳಮದ್ದಳೆ ಹಿಡಿದದ್ದು ನನ್ನ ಒಂದೇ ಫೋನಿನಲ್ಲಿ. ಅದರಲ್ಲಿ ಮಡಚಲು ಏನೂ ಇರಲಿಲ್ಲ. ನನ್ನ ಕೋಣೆಯಲ್ಲಿ ಅದು ಸ್ಪಷ್ಟವಾಗಿ ಕೇಳುತ್ತಿತ್ತು. ಅಲ್ಲೇ ನಾನು ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ, ಫೈಲುಗಳ ದನಿಯನ್ನೇ ಎರಡು ಪಟ್ಟು, ಮೂರು ಪಟ್ಟು ಏರಿಸಿದೆ.

ಹೋಟೆಲಿನಲ್ಲಿ ಮೂರರಿಂದ ಐದರವರೆಗೆ ಬಿಡುವು. ಊರಿನಲ್ಲಿ ಆಗ ಮಧ್ಯಾಹ್ನ. ಒಂದು ವಾರ ನಿದ್ದೆ ಬಿಟ್ಟು ಅದನ್ನೇ ಮಾಡಿದೆ.

“ಈಗ ಕಾಣ್ ಅಕ್ಕಾ.”

“ಚೆಂಡೆ ಕೇಂತ್. ಮಾತ್ ಕೇಂತಿಲ್ಲೆ.”

“ಟಿವಿ ಸೌಂಡ್ ಎಷ್ಟಿತ್ತ್?”

“ಹ್ಞಾಂ? ಗಟ್ಟಿ ಮಾತಾಡ್ ಮಗಾ.”

“ಟಿವಿ ಸೌಂಡ್!”

“ನೂರಿತ್ತ್.”

“ನೂರಿದ್ರೂ ಕೇಂತಿಲ್ಯಾ? ನಿಂಗೆಂತ ಕಿವಿ ಕೆಪ್ಪ ಆಯ್ತಾ?”

ಕೂಗಿ ಫೋನ್ ಕಟ್ ಮಾಡಿದೆ. ಆಚೆಯಿಂದ ಮುದುಕರು ಎರಡು ಸಲ ತಟ್ಟಿದರು. ನಾನು ಗೋಡೆಗೆ ತಪ್ಪಾಯಿತು ಎಂದೆ. ಅಕ್ಕನಿಗೆ ಹೇಳಲಿಲ್ಲ.

ಮುಂದಿನ ವಾರ ಅವಳೇ ಫೋನ್ ಮಾಡಿದಳು. “ಈಗ ಲಾಯ್ಕ್ ಕೇಂತ್ ಮಗಾ. ನೀ ಮಾಡದ್ದ್ ಸಮಾ ಆಯ್ತ್.”

ನಾನು ಗೆದ್ದೆ ಎಂದುಕೊಂಡೆ. ಬೀರೇಂದ್ರನಿಗೆ ಅನ್‌ಪಾನ್ ಕೊಡಿಸಿದೆ. ಕೆಂಪು ಕಾಳಿನ ಸಿಹಿ ಹೂರಣ ತುಂಬಿದ ಬನ್ನು ಅದು, ಹೋಳಿಗೆಯ ಹೂರಣವನ್ನು ಯಾರೋ ಬೇರೆ ಬಟ್ಟೆ ತೊಡಿಸಿ ಕೂರಿಸಿದ ಹಾಗೆ. ಆಮೇಲೆ ಒಂದೂವರೆ ವರ್ಷ ಅವಳಿಂದ ದೂರು ಬರಲಿಲ್ಲ. ಫೋನಿನಲ್ಲಿ ಅವಳೊಬ್ಬಳೇ ಮಾತಾಡುತ್ತಿದ್ದಳು. ಯಾರಿಗೆ ಮದುವೆ, ಯಾರ ಬೋಟಿಗೆ ಮೀನು, ಉಸಿರು ಬಿಡದೆ ಹೇಳಿ, “ಇಡ್ತೆ ಅಕಾ” ಎಂದು ಇಟ್ಟುಬಿಡುತ್ತಿದ್ದಳು. ಅಕ್ಕ ಖುಷಿಯಲ್ಲಿದ್ದಾಳೆ ಎಂದು ತಿಳಿದೆ. ಆದರೆ ನಾನು ಏನಾದರೂ ಪ್ರಶ್ನೆ ಹಾಕಿದರೆ ತನಗೆ ಕೇಳಿಸದೆ ಸಿಕ್ಕಿಬಿದ್ದೇನು ಎಂಬ ಹೆದರಿಕೆಗೆ ಅವಳು ಸಂದು ಬಿಡುತ್ತಿರಲಿಲ್ಲ.

ರಜೆಗೆ ಊರಿಗೆ ಹೋದವನು ನೇರ ಬಂದರಿಗೇ ನಡೆದೆ. ಅಕ್ಕ ಬೆನ್ನು ತಿರುಗಿಸಿ ಮೀನು ಪಾಲು ಹಾಕುತ್ತಿದ್ದಳು. “ಅಕ್ಕಾ” ಎಂದೆ. ಮತ್ತೂ ಒಮ್ಮೆ ಎಂದೆ. ಅವಳ ಜೊತೆ ಮೀನು ಮಾರುವ ಲಕ್ಷ್ಮಕ್ಕ ನನ್ನನ್ನು ನೋಡಿ, ಐಸಿನ ರಾಶಿಯಿಂದ ಚೂರೊಂದನ್ನು ಎತ್ತಿ ಅಕ್ಕನ ಬೆನ್ನಿಗೆ ಎಸೆದಳು. ಅಕ್ಕ ತಿರುಗಿದಳು. ನನ್ನನ್ನು ಕಂಡು ನಕ್ಕಳು, ಅತ್ತಳು.

ಲಕ್ಷ್ಮಕ್ಕ ನನಗೆ ಹೇಳಿದಳು: “ಹಿಂದಿಂದ ಕರ್ದ್ರೆ ಅದಕ್ಕ್ ಎಲ್ಲಿ ಕೇಂತ್ ಮಾರಾಯಾ? ಐಸ್ ಹೊಡೀಕ್, ಇಲ್ದಿರೆ ಎದ್ರ್ ಹೋಯಿ ನಿಲ್ಕ್. ನಿಂಗ್ ಗೊತ್ತಿಲ್ಯಾ?” ಆಮೇಲೆ ನನ್ನ ಕಡೆ ಕಿವಿ ಒಡ್ಡಿ, “ನಿನ್ನ ದನಿ ಎಂತ ಆಯ್ತ್? ಜಪಾನಂಗೆ ಕೂಳ್ ಹಾಕ್ತಿಲ್ರಾ?” ಎಂದಳು. ಸುತ್ತಲಿನ ಹೆಂಗಸರು ನಕ್ಕರು. ಬಂದರಿಗೆಲ್ಲ ಗೊತ್ತಿದ್ದದ್ದು ನನಗೆ ಮಾತ್ರ ಗೊತ್ತಿರಲಿಲ್ಲ.

ಮನೆಯಲ್ಲಿ ಅವಳು ನಾನು ಕಳಿಸಿದ ತಾಳಮದ್ದಳೆಯನ್ನೇ ಹಾಕಿ, ಟಿವಿಯ ಬೆನ್ನಿಗೆ ಅಂಗೈ ಇಟ್ಟು ಕೂತಳು. “ಚೆಂಡೆ ಕೈಗ್ ಸಿಕ್ಕತ್ತ್” ಎಂದಳು. ಅವಳ ಮುಖದ ಎದುರು ನಿಂತು, ಸುಳ್ಳು ಯಾಕೆ ಹೇಳಿದೆ ಎಂದು ಕೂಗಿ ಕೇಳಿದೆ.

“ನೀ ಅಷ್ಟ್ ದೂರ ಕೂಕಂಡ್ ಅದ್ರ ಮೇಲೇ ಜೀವ ತೇಯ್ತಿದ್ದೆ. ಆಯ್ತ್ ಅಂದ್ರೆ ನಿಂಗೊಂದ್ ನೆಮ್ದಿ ಅಂದೇಳಿ.”

ಕುಂದಾಪುರದ ಡಾಕ್ಟರು, ಕಿವಿ ಸೋರಲು ಶುರುವಾದಾಗಲೇ ಬಂದಿದ್ದರೆ ಬಲಗಿವಿಯನ್ನಾದರೂ ಉಳಿಸಬಹುದಿತ್ತು ಎಂದರು. ಈಗ ಕಿವಿಗೆ ಮೆಷಿನ್ ಹಾಕಿಸಿದ್ದೇವೆ. “ಬಂದ್ರಂಗೆ ಹಾಕಂಡ್ರೆ ತಲಿ ಒಡಿತ್ತ್ ಮಗಾ, ನಮ್ಮ್ ಲಕ್ಷ್ಮಿ ಇಷ್ಟ್ ಬೊಬ್ಬೆ ಹೊಡಿತ್ಲಾ!” ಎಂದು ಅಕ್ಕ ನಗುತ್ತಾಳೆ. ತಾಳಮದ್ದಳೆಗೆ ಅದು ಆಗಲಿಲ್ಲ. ಮಾತೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದಂತೆ. ಸ್ವಲ್ಪ ಹೊತ್ತು ಕೇಳಿ, ಅವಳೇ ಎದ್ದು ಟಿವಿ ಆರಿಸಿದಳು.

ಹೊರಡುವ ದಿನ ಅವಳು ಮೆಷಿನ್ ತೆಗೆದಿಟ್ಟು, ನನಗೆ ಬೆನ್ನು ಹಾಕಿ ಮೀನು ಹಸನು ಮಾಡುತ್ತಿದ್ದಳು. ಆಗ ನಾನು ಎಲ್ಲ ಹೇಳಿದೆ. ತಪ್ಪಾಯಿತು ಅಕ್ಕಾ ಎಂದೆ. ನಗೋಯಾದಲ್ಲಿ ಕಲಿತ ದನಿಯಲ್ಲಿ ಹೇಳಿದೆ. ಅವಳು ತಿರುಗಲಿಲ್ಲ. ಹೇಳಿ ಮುಗಿಯಿತು ಎಂದು ಹಗುರಾಗಿ ಬಸ್ಸು ಹತ್ತಿದೆ. ಆ ಹಗುರ ಬಂದರು ದಾಟುವವರೆಗೂ ಇರಲಿಲ್ಲ.

ಈಗ ನಗೋಯಾದಿಂದ ಅವಳಿಗೆ ಫೋನ್ ಮಾಡಬೇಕಾದರೆ ಇಲ್ಲಿನ ಹೊಳೆಯ ದಂಡೆಗೆ ಹೋಗಿ ಕೂಗುತ್ತೇನೆ. ನಾಯಿ ಅಡ್ಡಾಡಿಸುವವರು ದಾರಿ ಬದಲಿಸುತ್ತಾರೆ. ನೀನು ಮತ್ತೆ ಹೊಸಬನಾದೆಯಲ್ಲ ಎಂದು ಬೀರೇಂದ್ರ ನಗುತ್ತಾನೆ. ಗಂಗೊಳ್ಳಿಯಲ್ಲಿ ನನ್ನ ದನಿ ಯಾರಿಗೂ ಸಾಲುವುದಿಲ್ಲ, ಇಲ್ಲಿ ಎಲ್ಲರಿಗೂ ಹೆಚ್ಚು. ಸರಿಯಾದ ಅಳತೆಯಲ್ಲಿ ಮಾತಾಡಬಹುದಾದ ಊರು ನನಗೆ ಈಗ ಯಾವುದೂ ಉಳಿದಿಲ್ಲ.

ಅಕ್ಕ ಬೆರಳಿಟ್ಟು ಅಕ್ಷರ ಕೂಡಿಸಿ ಓದುತ್ತಾಳೆ. ಇದು ಅಚ್ಚಾದರೆ ತಂದುಕೊಡಲು ಭಾವನಿಗೆ ಹೇಳಿದ್ದೇನೆ. ಅಕ್ಕಾ, ನಿನಗೆ ಕಿವಿ ಕೆಪ್ಪ ಆಯ್ತಾ ಎಂದು ಅಂದು ನಾನು ಕೇಳಿದ್ದೆ. ಅದು ನಿನಗೆ ಕೇಳಿಸಿತ್ತೋ ಇಲ್ಲವೋ ಈಗಲೂ ಗೊತ್ತಿಲ್ಲ. ಕೇಳಿಸದೇ ಹೋಗಿದ್ದರೆ, ನಾನು ಅಂದದ್ದು ನಿನಗೆ ಗೊತ್ತಾಗುತ್ತಿರುವುದು ಈ ಸಾಲಿನಲ್ಲೇ.