ಎಪ್ಪತ್ತೆಂಟು ಶೆಲ್ಲಿನ ರೇಡಿಯೋ

"ರೇಟು ಆಮೇಲೆ ಹೇಳ್ತೀನಿ ಸಾರ್. ಮೊದ್ಲು ಇದನ್ನ ಮಾಡಿದ್ದು ಯಾರು ಅಂತ ಹೇಳಿ."

ಕೆ.ಆರ್. ನಗರದ ರಿಪೇರಿ ಅಂಗಡಿಯ ಪ್ರಕಾಶಾಚಾರ್ರು ಹೀಗೆ ಕೇಳಿದಾಗ ಅವರ ಟೇಬಲ್ ಮೇಲೆ ಎರಡು ವಸ್ತುಗಳಿದ್ದವು. ಒಂದು ನಮ್ಮ ತಾತನ ಕಾಲದ ರೇಡಿಯೋ. ಇನ್ನೊಂದು, ಅದರ ಜೊತೆ ಅಟ್ಟದಿಂದ ಇಳಿದ ಒಂದು ಮರದ ತಟ್ಟೆ. ಇನ್ನೇನು ಒಲೆಗೆ ಹಾಕಬೇಕಿತ್ತು, ಯಾಕೋ ತಂದಿದ್ದೆ. ಆಚಾರ್ರ ಕಣ್ಣೆಲ್ಲ ಆ ತಟ್ಟೆಯ ಮೇಲೆ!

ನಡೆದದ್ದು ಇಷ್ಟು. ಹುಣಸೂರಿನಿಂದ ಕುಶಾಲನಗರಕ್ಕೆ ಹೋಗುವ ದಾರಿಯ ಕಂಪಲಾಪುರದಲ್ಲಿ ನನ್ನ ಸೋದರತ್ತೆ ಚೆನ್ನಾಜಮ್ಮ ಇದ್ದಾರೆ. ವಯಸ್ಸು ಎಂಬತ್ತರ ಹತ್ತಿರ. ಕಳೆದ ತಿಂಗಳು ಅವರ ಮನೆಗೆ ಬಣ್ಣ ಹೊಡೆಸುವಾಗ ಅಟ್ಟ ಖಾಲಿ ಮಾಡಿದರು. ಪುಟ್ಟ ಸೂಟ್‌ಕೇಸಿನಂಥ ಈ ರೇಡಿಯೋ ಜಗಲಿಗೆ ಬಂತು. ಅದೇ ಹೊತ್ತಿಗೆ ಕುಶಾಲನಗರದ ಕಡೆ ಹೋಮ್‌ಸ್ಟೇ ನಡೆಸುವ ಒಬ್ಬರು ದಾರಿಯಲ್ಲಿ ಹೋಗುತ್ತಾ ಅದನ್ನು ನೋಡಿದರು. ಕಾರು ನಿಂತಿತು. ಎರಡು ಸಾವಿರ ಕೊಡ್ತೀನಿ ಅಂದರು.

ಅತ್ತೆಯ ಮಗ ಮಹದೇವ ಭಾವ ತಕ್ಷಣ ನನಗೆ ಫೋನ್ ಮಾಡಿದ. "ಪೇಪರ್‌ನಾಗೆ ಬರಿತೀಯಲ್ಲ, ಇದ್ರ ರೇಟು ಎಷ್ಟು ಅಂತ ತಿಳ್ಕೊಂಡು ಏಳ್ಲಾ."

(ಪೇಪರಿನಲ್ಲಿ ಬರೆಯುವವನಿಗೆ ಎಲ್ಲಾ ಗೊತ್ತಿರುತ್ತದೆ ಎಂಬ ನಂಬಿಕೆ ಇನ್ನೂ ನಮ್ಮ ಸಂಬಂಧಿಕರಲ್ಲಿ ಉಳಿದಿದೆ. ನಾನೂ ಅದನ್ನು ಕೆಡಿಸಲು ಹೋಗಿಲ್ಲ.)

ಕಂಪಲಾಪುರಕ್ಕೆ ಹೋಗಿ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಒಬ್ಬ ಟ್ರಾನ್ಸಿಸ್ಟರ್ ಅಂದ. ಒಬ್ಬ ಟೇಪ್ ರೆಕಾರ್ಡರ್ ಅಂದ. ಇನ್ನೊಬ್ಬ ಮೂರು ಲಕ್ಷಕ್ಕೆ ಕಮ್ಮಿ ಕೊಡಬೇಡಿ ಅಂದ. ಕೊನೆಗೆ ಹುಣಸೂರಿನ ಗೆಳೆಯನೊಬ್ಬ, "ವಾಲ್ವ್ ರೇಡಿಯೋ ಬಿಚ್ಚಿ ನೋಡಿರೋರು ಬೇಕು. ಕೆ.ಆರ್. ನಗರಕ್ಕೆ ಹೋಗು" ಅಂದ. ಹಾಗೆ ಆಚಾರ್ರ ಅಂಗಡಿಗೆ ಬಂದಿದ್ದೆ. ಈಗ ಅವರು ರಿಪೇರಿ ಮಾಡುವುದು ಮಿಕ್ಸಿ ಮತ್ತು ಪಂಪ್‌ಸೆಟ್. ಆದರೆ ಕೈ ಕಲಿತದ್ದು ರೇಡಿಯೋದಲ್ಲಿ.

ಆಚಾರ್ರು ರೇಡಿಯೋದ ಹಿಂಬದಿ ಬಿಚ್ಚಿದರು. ಒಳಗೆ ಕಿರುಬೆರಳಿನಷ್ಟು ಉದ್ದದ ನಾಲ್ಕು ಗಾಜಿನ ಬುಡ್ಡಿಗಳು. ಅವೇ ವಾಲ್ವ್. ಪಕ್ಕದಲ್ಲಿ ಅಂಟಿಸಿದ ಹಳದಿ ಕಾಗದದಲ್ಲಿ ಅವುಗಳ ನಂಬರು, ಇಂಗ್ಲೆಂಡಿನಲ್ಲಿ ತಯಾರಾದದ್ದೆಂಬ ಒಕ್ಕಣೆ. ಸ್ವಾತಂತ್ರ್ಯ ಬಂದು ಹತ್ತು ವರ್ಷದ ಆಸುಪಾಸಿನ ಮಾಲು ಅಂದರು.

"ಇದನ್ನ ಮನೆ ಕರೆಂಟಿಗೆ ಹಾಕಂಗಿಲ್ಲ ಸಾರ್. ಎರಡು ಬ್ಯಾಟ್ರಿ ಬೇಕು. ವಾಲ್ವ್ ಕಾಯಕ್ಕೆ ಒಂದೂವರೆ ವೋಲ್ಟು, ಹಾಡಕ್ಕೆ ತೊಂಬತ್ತು ವೋಲ್ಟು. ಅದಲು ಬದಲಾದ್ರೆ ನಾಲ್ಕೂ ವಾಲ್ವ್ ಒಂದೇ ಏಟಿಗೆ ಖಲ್ಲಾಸ್. ಆ ತೊಂಬತ್ತರ ಬ್ಯಾಟ್ರಿ ಬರೋದು ನಿಂತು ಯಾವ ಕಾಲ ಆಯ್ತೋ."

ಹಾಗೆನ್ನುತ್ತಾ ತಟ್ಟೆ ಎತ್ತಿಕೊಂಡರು. ಟೀ ಪೆಟ್ಟಿಗೆಯ ಹಲಗೆಯಿಂದ ಮಾಡಿದ್ದು. ಸಾಲು ಸಾಲು ಗೂಡು. ಪ್ರತಿ ಗೂಡಿನ ತುದಿಯಲ್ಲಿ ಬಿಸ್ಕೆಟ್ ಡಬ್ಬಿ ಕತ್ತರಿಸಿದ ತಗಡು. ಗೂಡಿನ ಪಕ್ಕ ಶಾಯಿಯಲ್ಲಿ ಕನ್ನಡದ ಅಂಕಿ, ೧ರಿಂದ ೭೮ರವರೆಗೆ. ಎರಡು ವಯರು, ಎರಡು ಪಿನ್ನು. ಒಂದು ದಪ್ಪ, ಇನ್ನೊಂದು ಸಣ್ಣ. ದಪ್ಪ ಪಿನ್ನಿಗೆ ಒಂದು ಚೀಟಿ: 'ಇದನ್ನು ಅದಕ್ಕೆ ಚುಚ್ಚಬೇಡಿ, ಸತ್ತುಹೋಗುತ್ತದೆ.'

"ಟಾರ್ಚ್ ಶೆಲ್ಲು ಜೋಡಿಸಿ ತೊಂಬತ್ತು ವೋಲ್ಟು ಮಾಡವ್ರೆ! ಯಾರಾದ್ರೂ ಮರ್ತು ಚುಚ್ಚುದ್ರೂ ಹೋಗಬಾರ್ದು ಅಂತ ಪಿನ್ನು ಬೇರೆ ಬೇರೆ ಸೈಜು. ಯಾರು ಸಾರ್ ಇವ್ರು?"

ಎದೆ ಉಬ್ಬಿತು. "ನಮ್ಮ ತಾತ" ಅಂದೆ.

ತಾತ ಕೊಡಗಿನ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದವರು. ತೋಟದ ದೊರೆ ಇಂಗ್ಲೆಂಡಿಗೆ ಹೊರಟಾಗ ಈ ರೇಡಿಯೋ ಕೊಟ್ಟು ಹೋದನಂತೆ. ಕರೆಂಟ್ ಇಲ್ಲದ ಕಂಪಲಾಪುರದಲ್ಲಿ ರೇಡಿಯೋ ಹಾಡಿಸಿದ ಗಂಡು ನಮ್ಮ ತಾತ. ಈ ಕಥೆ ಕೇಳಿಯೇ ನಾನು ಬೆಳೆದದ್ದು. ಇದೇ ಅಂಕಣದಲ್ಲಿ ಒಮ್ಮೆ ಬರೆದೂ ಇದ್ದೇನೆ, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ರೇಡಿಯೋವನ್ನು ಆಚಾರ್ರ ಹತ್ತಿರವೇ ಬಿಟ್ಟು, ಸಂಜೆ ಕಂಪಲಾಪುರಕ್ಕೆ ಹೋಗಿ ಅತ್ತೆಗೆ ಎಲ್ಲವನ್ನೂ ವರದಿ ಮಾಡಿದೆ. ತಾತನ ತಲೆ ಎಂಥದ್ದು ಅಂತ ಹೊಗಳಿದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ನಿಮ್ ತಾತಂಗೆ ಟಾರ್ಚಿಗೆ ಶೆಲ್ಲು ಆಕಕ್ಕೂ ಬತ್ತಿರ್ಲಿಲ್ಲ ಕಣಪ್ಪ."

ನಾನು, ಭಾವ ಇಬ್ಬರೂ ಮುಖ ಮುಖ ನೋಡಿಕೊಂಡೆವು.

"ಮತ್ತೆ ಯಾರು ಮಾಡಿದ್ದು?"

"ನಾನೇ."

ಮಡಿಕೇರಿಯಿಂದ ಬರುತ್ತಿದ್ದ ಬ್ಯಾಟರಿ ನಿಂತುಹೋದಾಗ ಅತ್ತೆ ಹೈಸ್ಕೂಲಿನಲ್ಲಿದ್ದರಂತೆ. "ಅಳೇ ಬ್ಯಾಟ್ರಿ ಮ್ಯಾಲೆ ತೊಂಬತ್ತು ಅಂತ ಬರ್ದಿತ್ತು. ಟಾರ್ಚ್ ಶೆಲ್ಲಿನ ಮ್ಯಾಲೆ ಒಂದೂವರೆ. ಭಾಗ್ಸುದ್ರೆ ಅರವತ್ತು ಬಂತು. ಒಸ ಶೆಲ್ಲು ಯಾರು ಕೊಡ್ತಾರೆ? ಹೊಗೆಸೊಪ್ಪು ಬೇಯ್ಸೋ ಬ್ಯಾರನ್‌ನೋರು, ಹೊಲ ಕಾಯೋರು ಬಿಸಾಕಿದ್ದ ಶೆಲ್ಲು ಆಯ್ಕೊಂಡು ಬಂದು ಬಿಸ್ಲಿಗೆ ಒಣಗಿಸ್ದೆ. ಟಾರ್ಚಿಗೆ ಸತ್ತೋದ ಶೆಲ್ಲು ರೇಡಿಯೋಗೆ ಇನ್ನೂ ಬದ್ಕಿರ್ತವೆ. ಆದ್ರೆ ಶಕ್ತಿ ಕಮ್ಮಿ. ಅರವತ್ತು ಆಕ್ದೆ, ಬರೀ ಗೊರಗೊರ ಅಂತು. ಎಪ್ಪತ್ತೆಂಟು ಆಕ್ದೆ, ಮಾತಾಡ್ತು."

"ಶಾಕ್ ಹೊಡೀಲಿಲ್ವಾ?"

"ಒಡೀತು. ಕಿರುಚ್ಕೊಂಡೆ. ಅವ್ವ ಓಡಿ ಬಂದ್ಲು. ಚೇಳು ಕಡೀತು ಅಂದ್ಬುಟ್ಟೆ."

ಹಾಗಾದರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?

"ಯಾರು ಕೇಳುದ್ರು? ಊರೋರು ಬಂದು ರೈಟ್ರು ರೇಡಿಯೋ ಆಡುಸ್ಬುಟ್ರು ಅನ್ನೋರು. ಅಪ್ಪ ಮೀಸೆ ಮ್ಯಾಲೆ ಕೈ ಇಟ್ಕೊಂಡು ಕೂತಿರೋದು. ನಾನು ಒಳಗೆ ಅಷ್ಟೂ ಜನಕ್ಕೆ ಕಾಫಿ ಕಾಸ್ತಿದ್ದೆ."

ಆಗ ನೆನಪಾಯಿತು. ತಾತ ತೀರಿಕೊಂಡ ಮೇಲೆ ಅದೇ ಊರಿನ ತವರಿನಿಂದ ಅತ್ತೆ ಬಾಯಿಬಿಟ್ಟು ಕೇಳಿ ತೆಗೆದುಕೊಂಡು ಹೋದದ್ದು ಈ ರೇಡಿಯೋ ಒಂದನ್ನೇ. ಯಾಕೆ ಅಂತ ನಾವ್ಯಾರೂ ವಿಚಾರಿಸಿರಲಿಲ್ಲ.

ವಿಷಯ ಕೇಳಿದ ಆಚಾರ್ರು ಮುಂದಿನ ಶನಿವಾರ ಬೆಳಗ್ಗೆ ತಾವೇ ಕಂಪಲಾಪುರಕ್ಕೆ ಬಂದರು. ರೇಡಿಯೋದ ಒಳಗೆ ಕೆಟ್ಟಿದ್ದ ಕೆಪಾಸಿಟರ್‌ಗಳನ್ನು ಬದಲಾಯಿಸಿದ್ದರು. ಒಂಬತ್ತು ವೋಲ್ಟಿನ ಹತ್ತು ಚೌಕ ಬ್ಯಾಟರಿ ಜೋಡಿಸಿದ ಒಂದು ಕಟ್ಟು, ಜೊತೆಗೊಂದು ಟಾರ್ಚ್ ಶೆಲ್ಲು ತಂದಿದ್ದರು. ಎಲ್ಲವನ್ನೂ ಜಗಲಿಯ ಮೇಲೆ ಇಟ್ಟು, "ನೀವೇ ಹಾಕಿ ಅಮ್ಮ" ಅಂದರು. ಭಾವನಿಗೆ ಅನುಮಾನ ಇನ್ನೂ ಹೋಗಿರಲಿಲ್ಲ. ನಿಜ ಹೇಳಲೇ? ನನಗೂ. ಅರವತ್ತು ವರ್ಷ ಕಳೆದಿದೆ. ಪಿನ್ನು ತಪ್ಪಿದರೆ ವಾಲ್ವ್ ಮತ್ತೆ ಸಿಗುವುದಿಲ್ಲ.

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡರು. ಮೊದಲು ಒಂದೂವರೆಯದ್ದು. ಆಮೇಲೆ ತೊಂಬತ್ತರದ್ದು. ಜಾಗ ತಪ್ಪಲಿಲ್ಲ. ಗುಂಡಿ ತಿರುಗಿಸಿದರು.

ಸುಯ್ ಎಂಬ ಸದ್ದು. ಅಷ್ಟೇ. ಮುಳ್ಳನ್ನು ಈ ತುದಿಯಿಂದ ಆ ತುದಿಗೆ ಎಳೆದರೂ ಅಷ್ಟೇ. ಭಾವ ಒಳಗೆ ಹೋಗಲು ಎದ್ದ.

"ಕೂತ್ಕೊ" ಅಂದರು ಅತ್ತೆ. ಎರಡೂ ಕೈಯಲ್ಲಿ ಪೆಟ್ಟಿಗೆಯನ್ನೇ ಹಿಡಿದು, ಮಗುವಿನ ಮುಖ ತಿರುಗಿಸುವಂತೆ ನಿಧಾನವಾಗಿ ತಿರುಗಿಸಿದರು. ಕಾಲು ಸುತ್ತು ತಿರುಗಿತ್ತೋ ಇಲ್ಲವೋ, ಒಬ್ಬ ಹೆಂಗಸು ಅಚ್ಚ ಕನ್ನಡದಲ್ಲಿ ರಾಗಿಗೆ ಬೀಳುವ ರೋಗದ ಬಗ್ಗೆ ಮಾತಾಡತೊಡಗಿದಳು!

ಆಚಾರ್ರು ಹಣೆ ಚಚ್ಚಿಕೊಂಡರು. "ಏರಿಯಲ್ ಒಳಗೇ ಸುತ್ತಿರ್ತಾರೆ ಸಾರ್. ಪೆಟ್ಟಿಗೆ ಸ್ಟೇಷನ್ ಕಡೆ ತಿರುಗ್ಬೇಕು. ನಾನೇ ಮರ್ತಿದ್ದೆ!"

ಭಾವ ಅಮ್ಮನ ಪಕ್ಕ ಹೋಗಿ ನೆಲದ ಮೇಲೆ ಕೂತ. ಅತ್ತೆಯ ಮುಖ ನೋಡಬೇಕಿತ್ತು ನೀವು. ನಗು ತಡೆಯಲು ತುಟಿ ಬಿಗಿ ಹಿಡಿದಿದ್ದರು. ತಡೆಯಲಾಗಲಿಲ್ಲ.

ಮಧ್ಯಾಹ್ನ ಹೋಮ್‌ಸ್ಟೇಯವರು ಬಂದರು. ನಾಲ್ಕು ಸಾವಿರಕ್ಕೆ ಏರಿಸಿದರು. ಹಳೇ ವಸ್ತು ಕೂಡಿಡುವ ಶೋಕಿಯವರು ಹತ್ತು ಸಾವಿರದವರೆಗೂ ಕೊಡುತ್ತಾರೆ, ಆದರೆ ತಟ್ಟೆಗೆ ಯಾರೂ ಬಿಡಿಗಾಸು ಕೊಡಲ್ಲ ಎಂದು ಆಚಾರ್ರು ಮೊದಲೇ ಹೇಳಿದ್ದರು. ಅತ್ತೆ ಚೌಕಾಸಿ ಮಾಡಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ.

"ತಕಂಡೋಗಿ ಏನ್ ಮಾಡ್ತೀರಿ?"

"ಒಳಗಿನ ಸಾಮಾನೆಲ್ಲ ಕಿತ್ತು ಬ್ಲೂಟೂತ್ ಸ್ಪೀಕರ್ ಇಡ್ತೀವಿ ಅಜ್ಜಿ."

"ಅಂಗಾದ್ರೆ ಬುಡಿ. ಕಾಫಿ ಕುಡ್ಕಂಡೋಗಿ."

ಆ ಕಾಫಿ ಕಾಯಿಸಿದ್ದು ಮಹದೇವ ಭಾವ. ಅತ್ತೆ ರೇಡಿಯೋ ಪಕ್ಕದಿಂದ ಏಳಲಿಲ್ಲ.

ಆದ್ದರಿಂದ ಓದುಗರೇ, ಒಂದು ತಿದ್ದುಪಡಿ. ಕಂಪಲಾಪುರದಲ್ಲಿ ಕರೆಂಟಿಲ್ಲದೆ ರೇಡಿಯೋ ಹಾಡಿಸಿದ್ದು ನನ್ನ ತಾತ ಎಂದು ಬರೆದದ್ದು ತಪ್ಪು. ಹಾಡಿಸಿದ್ದು ಅವರ ಮಗಳು. ನಾನು ಇಷ್ಟು ಸಂತೋಷದಿಂದ ಯಾವ ತಪ್ಪನ್ನೂ ಒಪ್ಪಿಕೊಂಡಿಲ್ಲ.

ಹೊರಡುವಾಗ ಆಚಾರ್ರು ಚಪ್ಪಲಿ ಮೆಟ್ಟಿ ಒಂದು ಗಳಿಗೆ ನಿಂತರು. "ಅಮ್ಮ, ನಮ್ಮ ಅಂಗಡೀಲಿ ಇಂಥವೇ ಇನ್ನೂ ಮೂರು ಬಿದ್ದಿವೆ. ನನ್ನ ಕೈಲಿ ಎದ್ದಿಲ್ಲ. ಒಂದ್ಸಲ ಬಂದು ನೋಡ್ತೀರಾ?"

ಈ ವಯಸ್ಸಿನಲ್ಲಿ ಅಷ್ಟು ದೂರ ಹೇಗೆ ಎಂದು ನಾನು ಬಾಯಿ ತೆಗೆಯುವುದರೊಳಗೆ ಅತ್ತೆ ನನ್ನ ಕಡೆ ತಿರುಗಿದ್ದರು.

"ಉಣಸೂರಿಂದ ಕೆ.ಆರ್. ನಗರಕ್ಕೆ ಮೊದಲ್ನೇ ಬಸ್ಸು ಎಷ್ಟೊತ್ತಿಗಪ್ಪ?"