ಒಂದಿಂಚು ಬೆಳಕು

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಕಿಟಕಿ ಅಳೆದದ್ದು ಶನಿವಾರವೋ ಭಾನುವಾರವೋ ಖಚಿತವಿಲ್ಲ. ದಿನಚರಿಯಲ್ಲಿ ಭಾನುವಾರ ಎಂದಿದೆ; ಆದರೆ ನಾನು ಮೂರು ದಿನದ್ದನ್ನು ಒಟ್ಟಿಗೆ ಕೂತು ಬರೆಯುವವಳು, ಹಾಗಾಗಿ ಅದರ ಸಾಕ್ಷ್ಯವನ್ನು ನಾನೇ ನಂಬುವುದಿಲ್ಲ. ಕಿಟಕಿಯ ಅಗಲ ನಲವತ್ತಾರು ಇಂಚು ಎಂಬುದೊಂದು ಮಾತ್ರ ಈಗ ಖಚಿತ. ಅಷ್ಟನ್ನು ತಿಳಿದುಕೊಳ್ಳಲು ನಮಗೆ ಎರಡು ವಾರ ಹಿಡಿಯಿತು.

ಆ ಕಿಟಕಿ ಇರುವುದು ತಣಿಸಂದ್ರದ ನಮ್ಮ ಫ್ಲ್ಯಾಟಿನ ಪೂರ್ವದ ಕೋಣೆಯಲ್ಲಿ. ಅಲ್ಲಿ ಈಗ ನನ್ನ ಅಕ್ಕ ಮಲಗುತ್ತಾಳೆ, ಹಗಲು ಹೊತ್ತಿನಲ್ಲಿ. ಇಪ್ಪತ್ತೆರಡು ವರ್ಷ ದಾವಣಗೆರೆಯಲ್ಲಿ ಸಂಸಾರ ಮಾಡಿದವಳು ಈ ಸಲ ಯುಗಾದಿ ಕಳೆದ ಮೇಲೆ ಎರಡು ಸೂಟ್‌ಕೇಸ್ ಹಿಡಿದು ಬಂದಳು. ಜಗಳವೇನೂ ಆಗಿರಲಿಲ್ಲ. ಒಂದೇ ಮನೆಯಲ್ಲಿದ್ದುಕೊಂಡು ಭಾವ ಅವಳೊಂದಿಗೆ ಮಾತು ಬಿಟ್ಟು ಆರು ವರ್ಷವಾಗಿತ್ತು, ಅಷ್ಟೆ. ಆ ಆರು ವರ್ಷ ಪ್ರತಿ ಹಬ್ಬಕ್ಕೂ ಫೋನಿನಲ್ಲಿ 'ಎಲ್ಲ ಚೆನ್ನಾಗಿದೀವಿ' ಎಂದವಳು ಅವಳು, ನಂಬಿದವಳು ನಾನು. ಅಲ್ಲಿ ಒಂದು ಕ್ಲಿನಿಕ್ಕಿನಲ್ಲಿ ನರ್ಸಾಗಿದ್ದಳು; ಇಲ್ಲಿ ಹೆಬ್ಬಾಳದ ಕಡೆಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಹೊಸಬರಿಗೆ ರಾತ್ರಿ ಪಾಳಿ.

"ಒಂದ್ ತಿಂಗ್ಳು ನೋಡ್ತೀನಿ ಕಣೇ. ಹಗಲೊತ್ತು ನಿದ್ದೆ ಹತ್ಲಿಲ್ಲ ಅಂದ್ರೆ ಈ ಕೆಲ್ಸ ನನ್ ಕೈಲಾಗಲ್ಲ. ವಾಪಸ್ ಹೋಗ್ತೀನಿ" ಎಂದಳು. ವಾಪಸ್ ಎಂದರೆ ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಅವಳು ಮನೆ ಸೇರುವ ಹೊತ್ತಿಗೆ ಸೂರ್ಯ ಅವಳಿಗಿಂತ ಮೊದಲೇ ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿರುತ್ತಿದ್ದ. ಹಿಂದಿನವರು ಕಿಟಕಿಗೆ ಗವಾಕ್ಷ ಎಂದರು. ಎಂದರೆ ಹಸುವಿನ ಕಣ್ಣು. ಎಂ.ಎ. ತರಗತಿಯಲ್ಲಿ ಇದನ್ನು ಕೇಳಿ ಎಷ್ಟು ಚೆಂದ ಎಂದು ಗೀಚಿಕೊಂಡಿದ್ದೆ. ಆ ಹಸು ರೆಪ್ಪೆ ಮುಚ್ಚುವುದು ಹೇಗೆ ಎಂಬ ಪ್ರಶ್ನೆ ಆಗ ಹೊಳೆದಿರಲಿಲ್ಲ. ದುಪಟ್ಟಾವನ್ನು ಕಣ್ಣಿಗೆ ಕಟ್ಟಿಕೊಂಡು ಹೊರಳಾಡುವ ಅಕ್ಕನನ್ನು ನೋಡುತ್ತ ಹೊಳೆಯಿತು.

ಅಮೃತಹಳ್ಳಿಯ ಕಿಟಕಿ ಪರದೆ ಅಂಗಡಿಯೊಂದಕ್ಕೆ ಹೋದೆ. ಅದರ ಮಾಲೀಕರಾದ ಇಲಿಯಾಸ್ ಭಾಯ್ ಬೆಳಕೇ ಹಾಯದ ದಪ್ಪ ಬಟ್ಟೆಯ ಬ್ಲೈಂಡ್ ತೋರಿಸಿದರು. "ನಮ್ ಫಿಟ್ಟರ್ ಹತ್ತು ದಿನ ಬಿಜಿ ಮೇಡಂ. ನೀವೇ ಅಳ್ದು ವಾಟ್ಸಾಪ್ ಮಾಡಿ. ಅಗಲ ಮೂರ್ ಕಡೆ ಅಳೀರಿ, ಮೇಲೆ, ಮಧ್ಯ, ಕೆಳಗೆ. ಯಾವ್ದು ಕಮ್ಮಿನೋ ಅದನ್ನ ಬರೀರಿ."

"ಯಾಕೆ, ಗೋಡೆ ನೇರ ಇರಲ್ವಾ?"

"ಬೆಂಗ್ಳೂರಲ್ಲಿ ಯಾವ್ ಗೋಡೆ ನೇರ ಇದೆ ಮೇಡಂ? ಇನ್ನೊಂದ್ ಮಾತು. ನೀವು ಏನೂ ಕಳೀಬೇಡಿ. ಸೈಡಲ್ಲಿ ಉಜ್ಜಬಾರ್ದು ಅಂತ ಒಂಚೂರು ಕಮ್ಮಿ ಮಾಡೋದು ನಮ್ ಕೆಲ್ಸ."

ಮನೆಯಲ್ಲಿದ್ದದ್ದು ಅಮ್ಮನ ಟೇಪು. ಅಮ್ಮ ತುಮಕೂರಿನಲ್ಲಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಟೇಪಿನ ತುದಿ ನವೆದು ಹೋದಾಗ ಹೊಸದು ಕೊಳ್ಳದೆ ಮೊದಲ ಇಂಚನ್ನು ನೀಟಾಗಿ ಕತ್ತರಿಸಿ ಎಸೆದಿದ್ದಳು. ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲ ಅಳತೆಗಳೂ ಒಂದರಿಂದ ಶುರು. ಬಂದ ಸಂಖ್ಯೆಯಲ್ಲಿ ಒಂದು ಕಳೆದರೆ ಸರಿಯಾದ ಅಳತೆ. ಅಮ್ಮ ಹೊಲಿಗೆಯಲ್ಲಿ ಮುಳುಗಿದ್ದರೆ ಬಂದವರ ಅಳತೆ ತೆಗೆಯುವುದು ನಮ್ಮ ಪಾಲಿಗೆ ಬರುತ್ತಿತ್ತು: ಅಕ್ಕ ಟೇಪು ಹಿಡಿದು ಕೂಗುವವಳು, ನಾನು ಬರೆದುಕೊಳ್ಳುವವಳು. ಯಲಹಂಕದ ಹೂವಿನವರಲ್ಲಿ ಉದ್ದ ಕೈಯವರನ್ನೇ ಹುಡುಕಿ ನಾನು ಈಗಲೂ ಮೊಳ ಹಾಕಿಸಿಕೊಳ್ಳುತ್ತೇನೆ. ಅಳತೆ ಎನ್ನುವುದು ಅಳೆಯುವವರನ್ನು ಬಿಟ್ಟು ಬೇರೆ ಇಲ್ಲ ಎಂದು ಇಷ್ಟೆಲ್ಲ ಗೊತ್ತಿದ್ದವಳು, ಮೂವತ್ತು ವರ್ಷದ ಮೇಲೆ ಅಕ್ಕ ಅದೇ ಟೇಪು ಹಿಡಿದು ಸ್ಟೂಲು ಹತ್ತಿದಾಗ ಸುಮ್ಮನೆ ಖುಷಿಪಟ್ಟೆ.

ಅಕ್ಕ "ನಲವತ್ತಾರು" ಎಂದು ಕೂಗಿದಳು. ನಾನು ಒಂದು ಕಳೆದು ನಲವತ್ತೈದು ಎಂದು ಬರೆದೆ.

ಬ್ಲೈಂಡ್ ಬಂದು ಕಿಟಕಿಯಲ್ಲಿ ಕೂತಿತು. ಎಳೆದರೆ ಕೋಣೆ ಕತ್ತಲಾಯಿತು, ಒಂದು ಬದಿಯಲ್ಲಿ ಮಾತ್ರ ಒಂದಿಂಚಿಗಿಂತ ತುಸು ಹೆಚ್ಚು ಅಗಲದ ಬೆಳಕಿನ ಪಟ್ಟಿ. ಅದು ನೇರವಾಗಿ ದಿಂಬಿನ ಮೇಲೆ ಬಿದ್ದಿತ್ತು. ಪೂರ್ತಿ ಬೆಳಕಿದ್ದಾಗ ಅದು ಇಷ್ಟು ಹರಿತವಾಗಿರಲಿಲ್ಲ.

"ನಾನು ಕಳ್ದೇ ಹೇಳಿದ್ದು ಕಣೇ" ಎಂದಳು ಅಕ್ಕ.

"ಕಳೆಯೋದು ಬರೆಯೋರ ಕೆಲ್ಸ ಅಲ್ವಾ? ಅಮ್ಮ ಹಂಗೇ ತಾನೆ ಹೇಳ್ಕೊಟ್ಟಿದ್ದು?"

"ಯಾವ ಅಮ್ಮ ಹೇಳಿದ್ಲು ನಿಂಗೆ? ಕೂಗೋರು ಕಳೀಬೇಕು. ನಿಂಗೆ ಆಗ ಕಳೆಯೋ ಲೆಕ್ಕ ಎಲ್ಲಿ ಬರ್ತಿತ್ತು, ಬೆರಳು ಮಡಿಸ್ಕೊಂಡು ಕೂರ್ತಿದ್ದೆ."

ನನಗೆ ಚೆನ್ನಾಗಿ ನೆನಪಿದೆ: ನೋಟ್‌ಪುಸ್ತಕದಲ್ಲಿ ಒಂದನ್ನು ಕಳೆದು ಬರೆಯುತ್ತಿದ್ದವಳು ನಾನೇ. ಅಕ್ಕನಿಗೂ ಅಷ್ಟೇ ಚೆನ್ನಾಗಿ ನೆನಪಿದೆ. ಇಬ್ಬರೂ ಕಳೆದಿದ್ದರೆ ತುಮಕೂರಿನ ಅರ್ಧ ಬೀದಿಗೆ ರವಿಕೆ ಬಿಗಿಯಾಗಬೇಕಿತ್ತು. ಆಗಲಿಲ್ಲ. ಹಾಗಾದರೆ ಒಬ್ಬಳ ನೆನಪು ಸುಳ್ಳು. ಕೇಳೋಣವೆಂದರೆ ಅಮ್ಮ ಇಲ್ಲ. ನಾನು ಕೂಡುವುದು ಕಳೆಯುವುದರಲ್ಲಿ ಹಿಂದಿದ್ದೆ ಎನ್ನುವುದಂತೂ ನಿಜ. ನಾನು ಬೈಸಿಕೊಳ್ಳದಿರಲಿ ಎಂದು ಅಕ್ಕ ಮನಸ್ಸಿನಲ್ಲೇ ಕಳೆದು ಕೂಗುತ್ತಿದ್ದಳೇನೋ. ಮಾಡಿದವಳು ಅವಳು, ಮಾಡಿದ ನೆನಪು ಮಾತ್ರ ನನ್ನದು. ಹೀಗೆ ಇನ್ನೂ ಎಷ್ಟಿವೆಯೋ.

ಇಲಿಯಾಸ್ ಭಾಯ್‌ಗೆ ಫೋನ್ ಮಾಡಿದರೆ ನಕ್ಕರು. "ನಾನು ಹೇಳಿದ್ದು ಒಂದೇ ಮಾತು ಮೇಡಂ, ಕಳೀಬೇಡಿ ಅಂತ. ನೀವು ಮನೆಮಂದಿ ಎಲ್ಲಾ ಸೇರಿ ಕಳ್ದಿದೀರಾ!" ಗುರುವಾರ ತಾವೇ ಸ್ಟೀಲ್ ಟೇಪು ತಂದು ಅಳೆದುಕೊಂಡು ಹೋಗುವುದಾಗಿ ಹೇಳಿದರು.

ನಾನೂ ನಕ್ಕೆ. ಆದರೆ ಅಕ್ಕ ಅಂದ ಒಂದು ಮಾತು ನನ್ನ ನಗೆಯನ್ನು ಅಲ್ಲೇ ನಿಲ್ಲಿಸಿತು. "ಹೊಸದ್ಯಾಕೆ ಬಿಡೇ. ಈ ಕಡೆ ತಿರುಗಿ ಮಲಗಿದ್ರಾಯ್ತು. ಅಡ್ಜಸ್ಟ್ ಮಾಡ್ಕೋತೀನಿ."

ಎಷ್ಟು ಸರಾಗವಾಗಿ ಬಂತು ಆ ಮಾತು! ಒಂದಿಂಚು ಬೆಳಕಿಗೆ ಮೈ ತಿರುಗಿಸಿಕೊಳ್ಳುವವಳು ಆರು ವರ್ಷದ ಮೌನಕ್ಕೂ ಹೀಗೇ ತಿರುಗಿ ಮಲಗಿರಬೇಕು. ಅದು ಅವಳ ತಾಳ್ಮೆ ಎಂದು ನಾವೆಲ್ಲ ಹೊಗಳಿದೆವು. ಇಲ್ಲಿಗೆ ಬಂದ ಮೇಲೂ ಅವಳು ಅದನ್ನೇ ಮಾಡುತ್ತಿದ್ದರೆ, ನನ್ನ ಮನೆಗೂ ಅವಳು ಬಿಟ್ಟುಬಂದ ಮನೆಗೂ ಏನು ವ್ಯತ್ಯಾಸ? ದಿನಾ ಸಂಜೆ ಎದ್ದು "ಒಳ್ಳೇ ನಿದ್ದೆ ಬಂತು" ಎನ್ನುತ್ತಾಳೆ. ಕಣ್ಣು ಕೆಂಪಗಿರುತ್ತದೆ. ತಿಂಗಳು ತುಂಬಲು ಇನ್ನು ಒಂಬತ್ತು ದಿನ.

ಇವತ್ತು ಬೆಳಿಗ್ಗೆ ಅವಳು ಬಂದು ಮಲಗಿದ ಮೇಲೆ, ನನ್ನ ಹಳೆಯ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಆ ಸಂದಿಗೆ ಸಿಕ್ಕಿಸಿದೆ. ಕೋಣೆ ಮೊದಲ ಸಲ ಪೂರ್ತಿ ಕತ್ತಲಾಯಿತು. ಅವಳ ಮುಖ ಕಾಣುತ್ತಿರಲಿಲ್ಲ; ಅದೇ ಧೈರ್ಯ ಕೊಟ್ಟಿತೋ ಏನೋ, ಕೇಳಿಬಿಟ್ಟೆ.

"ಅಕ್ಕಾ, ನಿಂಗೆ ಇಲ್ಲಿ ನಿಜವಾಗ್ಲೂ ನಿದ್ದೆ ಬರ್ತಿದ್ಯಾ, ಇಲ್ಲಾ ನಂಗೋಸ್ಕರ ಕಣ್ಮುಚ್ಕೊಂಡಿರ್ತೀಯಾ?"

ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು. ನಿದ್ದೆ ಹೋದವರ ಉಸಿರಿನ ಹಾಗೆಯೇ ಇತ್ತು.